ಎರಡನೆಯ ಎಲುಬು

ಬಲಪಾದದ ಮೇಲೆ, ಎರಡನೆಯ ಬೆರಳಿನ ಬುಡದಿಂದ
ಎರಡಂಗುಲ ಹಿಂದೆ
ನನ್ನ ಹೆಬ್ಬೆರಳು ಊರಿದಲ್ಲಿ
ಚೆಪ್ಟೋಯೆಕ್ ಮಾತು ನಿಲ್ಲಿಸಿದಳು.

ಅಲ್ಲಿಯವರೆಗೆ ಒಂದೇ ಸಮ ಹೇಳುತ್ತಿದ್ದಳು:
ಟೊರೋರೋದ ಓಟಕ್ಕೆ ಇನ್ನು ಹನ್ನೊಂದೇ ದಿನ,
ಕೋಚ್ ಮುಸೋಬೊ ಹೊಸ ಬೂಟು ಕೊಡಿಸಿದ್ದಾರೆ,
ನೋವೇನಿಲ್ಲ, ಸುಮ್ಮನೆ ಒಂದು ಸೆಳೆತ,
ಅದೂ ಬೆಳಗಿನ ಮೊದಲ ಕಿಲೋಮೀಟರಿನಲ್ಲಿ ಮಾತ್ರ.
ಆಮೇಲೆ ಕೊನೆಯದರಲ್ಲೂ.
ಈಗೀಗ ಹಾಸಿಗೆಯಲ್ಲೂ, ಕಂಬಳಿಯ ಭಾರಕ್ಕೆ.

ಬೋಡಾ ಹತ್ತಿಸಿ ಎಂಬಾಲೆಗೆ ಕಳಿಸಿದೆ.
ಎಕ್ಸ್-ರೇಯಲ್ಲಿ ಏನೂ ಇಲ್ಲ.
ಇಪ್ಪತ್ತಾರು ಎಲುಬು, ಇಪ್ಪತ್ತಾರೂ ತೊಳೆದು ಜೋಡಿಸಿಟ್ಟ ಹಾಗೆ.
ಮುಸೋಬೊ ಅದನ್ನು ಕಿಟಕಿಗೆ ಹಿಡಿದ.
ಅವಳ ಪಾದದೊಳಗಿಂದ ಎಲ್ಗನ್ ಬೆಟ್ಟ ಕಂಡಿತು.
"ನಂಬೋಜೊ, ಚಿತ್ರ ಸುಳ್ಳು ಹೇಳುತ್ತದೆಯೇ?"

ಹೇಳುವುದಿಲ್ಲ.
ತಡವಾಗಿ ಹೇಳುತ್ತದೆ.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರಲ್ಲ,
ಪಾದದಲ್ಲಿ ಲೆಕ್ಕ ತಿರುಗುಮುರುಗು.
ಹೆಬ್ಬೆರಳಿನ ಎಲುಬು ಗಿಡ್ಡ, ದಪ್ಪ, ನೆಲ ಸಿಕ್ಕೊಡನೆ ತುಸು ಸರಿದು ಕೂರುತ್ತದೆ.
ಹೊರಂಚಿನವೆರಡು ಮೊದಲೇ ಜಾಣ,
ಕಲ್ಲು ಬಂದರೆ ಕಲ್ಲಿಗೆ, ಗುಂಡಿ ಬಂದರೆ ಗುಂಡಿಗೆ ಒಪ್ಪಿಕೊಳ್ಳುತ್ತವೆ.
ಎರಡನೆಯದೋ ಉದ್ದ, ತೆಳು,
ಬುಡವನ್ನು ಮೂರು ಮೂಳೆಗಳ ಸಂದಿಗೆ
ಬೆಣೆ ಹೊಡೆದಂತೆ ಕೂರಿಸಿಬಿಟ್ಟಿದೆ ಯಾರೋ.
ಅದಕ್ಕೆ ಬಗ್ಗಲು ಬಾರದು.

ಹಿಮ್ಮಡಿ ಏಳುತ್ತದೆ, ಬೆರಳು ಮಡಚುತ್ತದೆ,
ಅಂಗಾಲಿನ ಪಟ್ಟಿ ಬಿಗಿದು ಕಮಾನು ಮೇಲಕ್ಕೆ ಬರುತ್ತದೆ,
ಸಡಿಲ ಚೀಲದಂತಿದ್ದ ಪಾದ
ಕಣ್ಣು ಮಿಟುಕಿಸುವಷ್ಟರಲ್ಲಿ ಸನ್ನೆಗೋಲು.
ಹುಡುಗಿಯ ತೂಕ ನಲವತ್ತನಾಲ್ಕು ಕಿಲೊ,
ನೆಲ ವಾಪಸು ಕೊಡುವುದು ಅದರ ಎರಡೂವರೆ ಪಟ್ಟು,
ಒಂದು ಹೆಜ್ಜೆಗೆ.
ಮೀನಖಂಡ ಗಟ್ಟಿಯಿರುವಷ್ಟು ಹೊತ್ತು ಹಂಚಿಕೊಳ್ಳುತ್ತದೆ.
ಅದು ದಣಿದ ಮೇಲೆ ಕೆಮ್ಮಣ್ಣಿನ ಇಳಿಜಾರು ಪೂರ್ತಿ
ಆ ಒಂದು ಕಡ್ಡಿಯ ಪಾಲಿಗೆ.

ಮುಸೋಬೊಗೆ ಹೇಳಿದೆ: ಎಲುಬು ಕಲ್ಲಲ್ಲ ಮಾರಾಯ,
ಒಳಗೆ ಸದಾ ರಿಪೇರಿ.
ಕೆಡವುವವರು ಮೂರೇ ವಾರದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ,
ಕಟ್ಟುವವರಿಗೆ ಮೂರು ತಿಂಗಳು ಬೇಕು.
ಗೋಡೆ ಅರ್ಧ ಬಿದ್ದಿದ್ದಾಗಲೇ ನೀನು
ವಾರಕ್ಕೆ ನೂರಿದ್ದದ್ದನ್ನು ನೂರೈವತ್ತು ಮಾಡಿದೆ.

ಅವನು ಬೂಟಿನ ತಳ ನೋಡುತ್ತಾ ಕೂತ.

ಅವನನ್ನು ಹೊರಗೆ ಕಳಿಸಿ ಅವಳನ್ನು ಕೇಳಿದೆ,
ಮುಟ್ಟಾಗಿ ಎಷ್ಟು ತಿಂಗಳಾಯಿತು?
ಬೆರಳು ಮಡಚುತ್ತಾ ಹೋದಳು,
ಎಡಗೈ ಸಾಲದೆ ಬಲಗೈಗೆ ದಾಟಿದಳು.
ರಾತ್ರಿ ಏನು ತಿನ್ನುತ್ತೀ?
ಅರ್ಧ ತಟ್ಟೆ ಪೋಶೋ. ಹಗುರಾದರೆ ಬೇಗ ಓಡಬಹುದಂತೆ.
ಕಟ್ಟುವವರಿಗೆ ಗಾರೆಯೇ ಇಲ್ಲ.

ಮನೆಗೆ ನೆಂಟರು ಬಂದಿದ್ದ ದಿನ ಹುಟ್ಟಿದವಳಂತೆ ಅವಳು,
ಹೆಸರಿನಲ್ಲೇ ನೆಂಟರಿದ್ದಾರೆ.
ಈ ನೆಂಟ ಆರು ವಾರ ಇರುತ್ತಾನೆ ಎಂದೆ,
ಕೂರಿಸು, ಹಾಲು ಕೊಡು, ಎಬ್ಬಿಸಿ ಓಡಿಸಬೇಡ.
ನಗಲಿಲ್ಲ.

ಟೊರೋರೋದಲ್ಲಿ ಅವಳ ಬೂಟಿನಲ್ಲಿ ತಂಗಿ ಯೆಕೊ ಓಡಿದಳು,
ಮುಂದೆ ಬಟ್ಟೆ ತುರುಕಿಕೊಂಡು.
ಒಂಬತ್ತನೆಯವಳು.

ಮೂರು ವಾರದ ಮೇಲೆ ಮತ್ತೆ ಎಂಬಾಲೆ, ಮತ್ತೆ ಚಿತ್ರ.
ಎರಡನೆಯ ಎಲುಬಿನ ಸೊಂಟಕ್ಕೆ
ಹತ್ತಿ ಅಂಟಿದಷ್ಟು ಬಿಳಿ, ಅಂಚು ಮಸುಕು.
"ಇದೇ ಏನು ಬಿರುಕು?" ಮುಸೋಬೊ ದನಿ ತಗ್ಗಿತ್ತು.
ಅಲ್ಲ, ಇದು ಬೆಸುಗೆ.
ಬಿರುಕು ಕೂದಲೆಳೆ, ಯಾರಿಗೂ ಕಾಣದೆ ಬಂದು
ಕಾಣದೆಯೇ ಹೋಗುತ್ತಿದೆ.
ಇತ್ತು ಎನ್ನುವುದಕ್ಕೆ ಈ ಹೊಸ ಸುಣ್ಣ ಒಂದೇ ಸಾಕ್ಷಿ.

ಚೆಪ್ಟೋಯೆಕ್ ಚಿತ್ರವನ್ನು ತನಗೇ ಬೇಕೆಂದು
ಮಡಚದೆ, ಎದೆಗವಚಿಕೊಂಡು ಬೋಡಾದಲ್ಲಿ ಕೂತು ಹೋದಳು.

ಇವತ್ತು ಮುಸೋಬೊ ಮತ್ತೆ ಬಂದಿದ್ದಾನೆ, ಹೊಸ್ತಿಲಾಚೆಯೇ ನಿಂತು,
ಯೆಕೊಳನ್ನು ಮುಂದಕ್ಕೆ ದೂಡುತ್ತಾನೆ:
"ಇವಳದ್ದೂ ಒಮ್ಮೆ ಒತ್ತಿ ನೋಡು."
ಹುಡುಗಿ ಕಂಪಾಲಾದ ಓಟದ ಬಗ್ಗೆ ಹೇಳುತ್ತಿದ್ದಾಳೆ,
ಬಸ್ಸಿನ ಬಗ್ಗೆ, ಯಾರೋ ಕೊಡುತ್ತೇನೆಂದ ಸಾಕ್ಸಿನ ಬಗ್ಗೆ.
ನಾನು ಹೆಬ್ಬೆರಳನ್ನು ಒಂದೊಂದೇ ಎಲುಬಿನ ಮೇಲೆ
ನಿಧಾನ ಸರಿಸುತ್ತಾ
ಅವಳ ಮಾತು ಕೇಳುತ್ತಿದ್ದೇನೆ.